ಕೊಳೆ ಎಂದು ನಾನು ಬಿಟ್ಟ ಹಾಳೆ

ಏನು ಕೆಲಸ ಮಾಡುತ್ತೀಯೆ ಎಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಮಾತು ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ, ಸಿರ್ಸಿಯ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು ಡಾಕ್ಟರು ಬರೆದ ರೋಗಗಳಿಗೆಲ್ಲ ಅಕ್ಷರ-ಅಂಕಿಗಳ ಕೋಡ್ ಹಾಕುತ್ತೇನೆ. ಹಾಳೆಗಳನ್ನು ಸ್ಕ್ಯಾನ್ ಮಾಡಿ ಸರಕಾರದ ಉಚಿತ ಚಿಕಿತ್ಸೆ ಯೋಜನೆಯ ಕಚೇರಿಗೆ ಕಳಿಸುತ್ತೇನೆ. ಅಲ್ಲಿಂದ ಒಪ್ಪಿಗೆ ಬಂದರೆ ಆಪರೇಷನ್, ಬರದಿದ್ದರೆ ಇಲ್ಲ. ಸಿದ್ದಾಪುರದ ಮನೆಯಲ್ಲಿ ಒಮ್ಮೆ ಊಟಕ್ಕೆ ಕೂತಾಗ ಇದನ್ನೆಲ್ಲ ಬಿಡಿಸಿ ಹೇಳಲು ಹೊರಟಿದ್ದೆ. ಮೂಲವ್ಯಾಧಿಯ ಕೋಡಿಗೆ ಬರುವಷ್ಟರಲ್ಲಿ ಆಯಿ, “ಉಂಬಕಾರೆ ಅದೆಲ್ಲ ಹೇಳಡ” ಎಂದು ಸಾರಿನ ಸೌಟು ಎತ್ತಿದ್ದಳು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಡಾಕ್ಟರು ಅರ್ಧ ಬರೆದರೆ ಸಿಟ್ಟು, ನರ್ಸು ತಾರೀಖು ಹಾಕದಿದ್ದರೆ ಸಿಟ್ಟು. ‘ಬರೆದಿಲ್ಲ ಅಂದರೆ ನಡೆದೇ ಇಲ್ಲ’ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ದಿನಕ್ಕೆ ನಾಲ್ಕು ಸಲ ಯಾರಿಗಾದರೂ ಹೇಳದಿದ್ದರೆ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಆ ಪಾಠವನ್ನು ನನಗೇ ತಿರುಗಿಸಿ ಹೇಳಿದವಳು ಬನವಾಸಿ ಆಚೆಯ ಹಳ್ಳಿಯ ಒಬ್ಬ ಅಜ್ಜಿ.

ಅಜ್ಜಿ, ಅವಳ ಮಗಳು, ಮಗಳ ಆರು ತಿಂಗಳ ಹೆಣ್ಣುಕೂಸು, ಮೂವರೂ ಬಂದಿದ್ದರು. ಕೂಸಿಗೆ ಹಿಂದೆ ಇರಬೇಕಾದ ಜಾಗದಲ್ಲಿ ಮಲದ್ವಾರವೇ ಇರಲಿಲ್ಲ. ಮುಂದೆ, ಇರಬಾರದ ಕಡೆ, ಒಂದು ಸಣ್ಣ ತೂತಿನಿಂದ ಹೇಗೋ ಹೋಗುತ್ತಿತ್ತು. ಬರೀ ತಾಯಿಹಾಲು ಕುಡಿಯುವವರೆಗೆ ಅದು ಸಾಕಾಯಿತು. ರಾಗಿಗಂಜಿ ಶುರು ಮಾಡಿದ ಮೇಲೆ ಸಾಲಲಿಲ್ಲ. ಹೊಟ್ಟೆ ಉಬ್ಬಿ ಕೂಸು ಮುಕ್ಕಿರಿದು ಅಳುವುದನ್ನು ನೋಡಲಾಗುತ್ತಿರಲಿಲ್ಲ. ಆದರೂ ಆ ತೂತಿನಿಂದಲೇ ಎನಿಮಾ ಕೊಟ್ಟ ಮೇಲೆ ಅದೇ ಕೂಸು ನನ್ನ ಗುರುತಿನ ಚೀಟಿ ಬಾಯಿಗೆ ಹಾಕಿಕೊಂಡು ಕಿಲಕಿಲ ನಕ್ಕಿತು.

ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುವ ಮಕ್ಕಳ ಸರ್ಜನ್ ನೋಡಿ, ಸರಿಯಾದ ಜಾಗದಲ್ಲಿ ದಾರಿ ಮಾಡಿಕೊಡುತ್ತೇನೆ, ಮುಂದಿನ ಸಲ ಬಂದಾಗಲೇ ಆಗಲಿ ಎಂದರು. ಅಷ್ಟರೊಳಗೆ ಒಪ್ಪಿಗೆ ಬರದಿದ್ದರೆ ಕೂಸು ಮತ್ತೊಂದು ತಿಂಗಳು ಹಾಗೇ ಮುಕ್ಕಿರಿಯಬೇಕು.

ಹುಟ್ಟಿನಿಂದ ಬಂದ ದೋಷಕ್ಕೆ ‘ಕ್ಯೂ’ ಅಕ್ಷರದ ಕೋಡು. ಅದನ್ನು ಹಾಕಿ ಕಳಿಸಿದೆ. ಕೂಸು ನಮ್ಮಲ್ಲೇ ಹುಟ್ಟಿದ್ದರಿಂದ, ಆಗಲೇ ಸ್ಕ್ಯಾನ್ ಮಾಡಿಟ್ಟಿದ್ದ ಹೆರಿಗೆಯ ಫೈಲನ್ನೂ ಜೊತೆಗೆ ಸೇರಿಸಿದೆ. ಅದೇ ಕುತ್ತಿಗೆಗೆ ಬಂತು. ಹುಟ್ಟಿದ ದಿನದ ತಪಾಸಣೆ ಪಟ್ಟಿಯಲ್ಲಿ ಮಲದ್ವಾರ ಸರಿ ಇದೆ ಎಂದಿದೆ, ಹಾಗಾದರೆ ಇದು ಹುಟ್ಟಿನಿಂದ ಬಂದದ್ದು ಹೇಗೆ, ಆಗಿನ ದಾಖಲೆ ಕಳಿಸಿ ಎಂದು ಅರ್ಜಿ ವಾಪಸ್ಸು ಬಂತು. ಪಟ್ಟಿ ತೆಗೆದು ನೋಡಿದರೆ, ಪುಣ್ಯಾತ್ಮರು ಯಾರೋ ಮೇಲೆ ಒಂದು ಗುರುತು ಹಾಕಿ, ಅಲ್ಲಿಂದ ಕೆಳಗಿನವರೆಗೆ ಗೆರೆ ಎಳೆದುಬಿಟ್ಟಿದ್ದಾರೆ. ಕಣ್ಣು ಸರಿ, ತುಟಿ ಸರಿ, ಎದೆ ಸರಿ, ಎಲ್ಲ ಸರಿ! ಹೆರಿಗೆ ವಾರ್ಡಿಗೆ ಹೋಗಿ ಕೂಗಾಡಿ ಬಂದೆ. ಸರ್ಜನ್ ಹುಬ್ಬಳ್ಳಿಯಿಂದಲೇ ಪತ್ರ ಬರೆದು ಕಳಿಸಿದರು. ಇದು ಈಗಿನದು, ಹುಟ್ಟಿದಾಗಿನದೇ ಬೇಕು ಎಂದು ಅದೂ ತಿರುಗಿ ಬಂತು. ಸರ್ಜನ್ ಬರಲು ಉಳಿದದ್ದು ಐದು ದಿನ.

ಅಜ್ಜಿಯನ್ನು ಕರೆಸಿ ವಿಷಯ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ನನ್ನ ಮೇಜಿನ ಮೇಲೆ ಎರಡೂ ಕೈ ಊರಿದಳು.

“ಎರಡನೇ ದಿನಾನ ಹೇಳೀನ್ರಿ ಅಕ್ಕಾರ, ಕೂಸಿಂದು ಜಾಗಾ ಸರಿ ಇಲ್ಲಂತ. ನರ್ಸಬಾಯಿ ಬರಕೊಂಡಾರ. ಅದರ ಕೆಳಗ ನಾ ಹೆಬ್ಬಟ್ಟ ಒತ್ತೀನಿ. ಹುಡುಕ್ರಿ.”

ಹೆಬ್ಬೆಟ್ಟು ಯಾಕೆ ಒತ್ತಿದೆ, ಯಾರು ಒತ್ತು ಎಂದರು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲವಂತೆ. ಅವಳು ಎಷ್ಟೋ ವರ್ಷ ಅರಣ್ಯ ಇಲಾಖೆಯ ಸಸಿಚೀಲಗಳಿಗೆ ಮಣ್ಣು ತುಂಬುವ ಕೆಲಸ ಮಾಡಿದವಳು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಇಲ್ಲದ ದಿನ ಎಷ್ಟು ಮಣ್ಣು ಹೊತ್ತರೂ ಬಂದೇ ಇಲ್ಲ ಅನ್ನುತ್ತಿದ್ದರಂತೆ. ಅಂದಿನಿಂದ ಯಾವ ಕಚೇರಿಯಲ್ಲೇ ಆಗಲಿ, ತಾನು ಹೇಳಿದ್ದನ್ನು ಬರೆಸಿ, ಓದಿಸಿ, ಹೆಬ್ಬೆಟ್ಟು ಒತ್ತದೆ ಅವಳು ಜಾಗ ಬಿಡುವುದಿಲ್ಲ. ನರ್ಸಿನ ಮೇಜಿನ ಮೇಲಿದ್ದ ಶಾಯಿಪ್ಯಾಡನ್ನು ತಾನೇ ಎಳೆದುಕೊಂಡಿದ್ದಳಂತೆ.

ಅಷ್ಟು ಕೇಳಿದ್ದೇ ನನಗೆ ನೀಲಿ ಶಾಯಿ ಮೆತ್ತಿದ ಒಂದು ಹಾಳೆ ನೆನಪಿಗೆ ಬಂತು. ಆರು ತಿಂಗಳ ಹಿಂದೆ ಆ ಫೈಲನ್ನು ಸ್ಕ್ಯಾನ್ ಮಾಡುವಾಗ, ಯಾರೋ ಶಾಯಿ ಚೆಲ್ಲಿ ಗಲೀಜು ಮಾಡಿದ್ದಾರೆ ಎಂದು ಬೈದು, ಓದದೆಯೇ, ಸ್ಕ್ಯಾನಿಗೂ ಹಾಕದೆ ಫೈಲಿಗೆ ತಿರುಗಿ ಸೇರಿಸಿದ್ದೆ. ಮೂಲ ಫೈಲು ಕಪಾಟಿನಲ್ಲೇ ಇತ್ತು, ಹಾಳೆಯೂ ಅದರಲ್ಲೇ ಇತ್ತು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು. ಸಣ್ಣ ಅಕ್ಷರದಲ್ಲಿ ನರ್ಸು ಬರೆದಿದ್ದಳು: ಮಲ ಮುಂದಿನಿಂದ ಬರುತ್ತಿದೆ ಎಂದು ಅಜ್ಜಿ ಹೇಳುತ್ತಾರೆ, ನೋಡಿದೆ, ಹಿಂದೆ ಬರೀ ಗುಳಿ ಇದೆ, ಡಾಕ್ಟರಿಗೆ ತೋರಿಸಬೇಕು. ಅದೇ ಸಂಜೆ ಮನೆಗೆ ಕಳಿಸಿದ್ದರಿಂದ ತೋರಿಸುವುದು ಉಳಿದೇಹೋಗಿತ್ತು. ಕೆಳಗೆ ತಾರೀಖು, ಅದರ ಮೇಲೆ ದಪ್ಪಗೆ ಹೆಬ್ಬೆಟ್ಟು. ಎಲ್ಲರನ್ನೂ ಬೈದು ಮುಗಿಸಿದ್ದೆ, ಬೈಯಲು ಉಳಿದವಳು ನಾನೊಬ್ಬಳೇ.

“ಅಜ್ಜಿ, ತಪ್ಪು ನನ್ನದೇ” ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಆತು ಬಿಡ್ರಿ. ಈಗರ ಕಳಸ್ರಿ” ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಳಿಸುವವರೆಗೂ ಏಳಲಿಲ್ಲ. ಕಳಿಸಿದ್ದಕ್ಕೆ ಗುರುತೇನು ಎಂದು ಕೇಳಿದಳು, ಪರದೆಯ ಮೇಲಿನ ಹಸಿರು ಗುರುತನ್ನು ತೋರಿಸಿದ ಮೇಲೇ ಎದ್ದಳು.

ಸರ್ಜನ್ ಬರುವ ಹಿಂದಿನ ದಿನ ಒಪ್ಪಿಗೆ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. ಖುಷಿಗೆ ನಾನು ಹೆರಿಗೆ ವಾರ್ಡಿನವರಿಗೆಲ್ಲ ಚಹಾ ಕೊಡಿಸಿದೆ, ಕೂಗಾಡಿದ್ದಕ್ಕೂ ಸೇರಿಸಿ.

ಮುಂದಿನ ತಿಂಗಳು ತೋರಿಸಲು ಬಂದಾಗ ಅಜ್ಜಿಯ ಕೈಯಲ್ಲಿ ಎರಡು ಅನಾನಸು, ಕಂಕುಳಲ್ಲಿ ಗುಂಡಗಾದ ಮೊಮ್ಮಗಳು. ಸರ್ಜನ್ ನೋಡಿ, ಗಾಯ ಮಾಗಿದೆ, ಮಲ ಸರಿಯಾದ ದಾರಿಯಲ್ಲೇ ಹೋಗುತ್ತಿದೆ ಎಂದು ಫೈಲಿನಲ್ಲಿ ಬರೆದರು. ಅಜ್ಜಿ ಆ ಫೈಲನ್ನು ನೇರ ನನ್ನ ಕೋಣೆಗೆ ತಂದಳು.

“ಏನ ಬರದಾರ, ಓದ್ರಿ.”

ಕನ್ನಡ ಮಾಡಿ ಓದಿದೆ. ಮತ್ತೊಮ್ಮೆ ಓದಿಸಿದಳು. ಆಮೇಲೆ ಎಡಗೈ ಮುಂದೆ ಚಾಚಿದಳು. ನಾನು ಶಾಯಿಪ್ಯಾಡಿನ ಮುಚ್ಚಳ ತೆಗೆದೆ. ಡಾಕ್ಟರ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಕೂಸಿನ ಲಂಗೋಟಿಗೆ ಒರೆಸಿಕೊಂಡು ನಕ್ಕಳು.

ಆ ಹಾಳೆಯನ್ನು ನಾನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿದೆ.