ಡ್ರೈವರ್ ಕೇಳಿದ ಪ್ರಶ್ನೆ

ಡ್ರೈವರ್ ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲು ಬರಿದಾಗಿತ್ತು. ರಸ್ತೆ ಖಾಲಿ ಇದ್ದಾಗಲೂ ಆ ಬರಿಗಾಲು ಮತ್ತೆ ಮತ್ತೆ ಬ್ರೇಕಿಗೆ ಹೋಗುತ್ತಿತ್ತು.

ಇದು ೧೯೯೮ರ ಮಾತು. ನಾನು ಎಂ.ಎಸ್ಸಿ. ಮುಗಿಸಿ ನಂಜನಗೂಡಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಸಂಜೆ ಖಾಸಗಿ ಬಸ್ಸಿನಲ್ಲಿ ಟಿ. ನರಸೀಪುರದ ಮನೆಗೆ ಮರಳುತ್ತಿದ್ದೆ. ಅಂದು ಸಿಕ್ಕಿದ್ದು ಇಂಜಿನ್ ಪಕ್ಕದ ಸೀಟು. ಡ್ರೈವರ್ ಮಾದೇವಣ್ಣನವರನ್ನು ದಿನಾ ನೋಡುತ್ತಿದ್ದೆ, ಎಂದೂ ಮಾತನಾಡಿಸಿರಲಿಲ್ಲ. ತಿಂಗಳ ಹಿಂದೆ ಇದೇ ದಾರಿಯಲ್ಲಿ ಅವರ ಬಸ್ಸಿಗೆ ಸಿಕ್ಕಿ ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ತೀರಿಕೊಂಡಿದ್ದರು.

ಸುತ್ತೂರು ದಾಟಿದ ಮೇಲೆ ಅವರು ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದರು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು.

“ಸೈಕಲ್ ಅಡ್ಡ ಬಂತು,” ಎಂದರು. ರಸ್ತೆಯಲ್ಲಿ ಏನೂ ಇರಲಿಲ್ಲ.

“ಯಾವ್ ಸೈಕಲ್ಲೋ ಮಾದೇವ? ಸೊಂಟ ಮುರ್ಯಕ್ಕೂ ಟಿಕೆಟ್ ಕೊಟ್ಟಿದ್ದೀಯೇನ್ಲಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು.

“ಕುಡ್ದವ್ನಾ?” ಎಂದು ಅಜ್ಜಿಯೊಬ್ಬರು ಕಂಡಕ್ಟರನ್ನು ಕೇಳಿದರು.

“ಅಯ್ಯೋ, ಒಂದ್ ತೊಟ್ಟೂ ಮುಟ್ಟಲ್ಲ ಕಣವ್ವ. ಗಾಡಿಗೆ ಪೂಜೆ ಮಾಡ್ಸಿ, ಬೂದುಗುಂಬ್ಳ ಒಡ್ದು, ಚಕ್ರಕ್ಕೆ ನಿಂಬೆಅಣ್ಣು ಇಟ್ಟು ಎಲ್ಲಾ ಆಗದೆ. ಇನ್ನೇನೂ ಆಗಲ್ಲ.”

ಪೊಲೀಸ್ ಠಾಣೆಯಿಂದ ಬಸ್ ಬಿಟ್ಟ ದಿನವೇ ಮಾಲೀಕರು ಅದನ್ನೆಲ್ಲ ಮಾಡಿಸಿ, ಮಾದೇವಣ್ಣನವರನ್ನೇ ಮತ್ತೆ ಕೂರಿಸಿದ್ದರಂತೆ.

ಮುಂದಿನ ತಿರುವಿನಲ್ಲಿ ನಿಜವಾಗಿಯೂ ಒಂದು ಸೈಕಲ್ ಕಾಣಿಸಿತು. ಹುಲ್ಲಿನ ಹೊರೆ ಕಟ್ಟಿದ್ದ ಅದನ್ನು ಹೆಂಗಸೊಬ್ಬರು ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಬಸ್ಸಿನ ವೇಗ ಕಡಿಮೆಯಾಗಲಿಲ್ಲ. ಮಾದೇವಣ್ಣ ರಸ್ತೆಯಿಂದ ಕಣ್ಣು ತೆಗೆಯದೆ, ನನಗಷ್ಟೇ ಕೇಳುವಂತೆ, “ಮೇಡಂ, ಅಲ್ಲಿ ಸೈಕಲ್ ಅದಾ?” ಎಂದರು.

ಅರೆಕ್ಷಣ ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ “ಇದೆ! ನಿಲ್ಸಿ!” ಎಂದು ಚೀರಿದೆ. ಬಸ್ ಹುಲ್ಲಿನ ಹೊರೆಗೆ ತಾಗುವಷ್ಟು ಹತ್ತಿರ ನಿಂತಿತು.

ಮಾದೇವಣ್ಣ ಇಳಿದು ರಸ್ತೆ ಪಕ್ಕದ ನಾಲೆಯ ಏರಿಯ ಮೇಲೆ ಕುಳಿತುಬಿಟ್ಟರು. “ನಿದ್ದೆ ಇಲ್ಲ ಮೇಡಂ. ಯಾವುದ್ ದಿಟ, ಯಾವುದ್ ಸುಳ್ಳು, ಗೊತ್ತಾಯ್ತಿಲ್ಲ.”

“ಏಳಣ್ಣ, ನರಸೀಪುರ ಮುಟ್ಸ್ಬುಡು. ಮಿಕ್ಕಿದ್ದು ನಾಳೆ ನೋಡವ,” ಎಂದು ಕಂಡಕ್ಟರ್ ಬೇಡಿಕೊಂಡರು.

ನಾಲ್ಕು ಜನರೆದುರು ಬಾಯಿ ತೆರೆಯದವಳು ನಾನು. ಆದರೂ, “ಇವರು ಓಡಿಸಬಾರದು. ಮನಸ್ಸಿನ ಡಾಕ್ಟರಿಗೆ ತೋರಿಸ್ಬೇಕು,” ಎಂದೆ.

“ತಲೆ ಡಾಕ್ಟ್ರತ್ರ ಓಗ್ಬಂದೋನ್ಗೆ ಮತ್ತೆ ಸ್ಟೇರಿಂಗ್ ಯಾರವ್ವ ಕೊಟ್ಟಾರು?” ಎಂದರು ಕಂಡಕ್ಟರ್. ನಾನು ಬೇರೆ ಬಸ್ಸಿಗೆ ಕೈ ತೋರಿಸಲು ರಸ್ತೆಗೆ ಬಂದು ನಿಂತೆ. ಈಗಲೂ ಬಸ್ ಹತ್ತಿದಾಗ ಮೊದಲು ನೋಡುವುದು ಡ್ರೈವರ್ ಮುಖವನ್ನು.

ಹಿಂದೆ ಬಂದ ಬಸ್ಸಿನಲ್ಲಿ ಎಲ್ಲರೂ ಊರು ಸೇರಿದೆವು. ನಾನು ಮಾದೇವಣ್ಣನವರ ಮನೆಯವರೆಗೂ ಹೋಗಿ ಅವರ ಹೆಂಡತಿಗೆ ನಡೆದದ್ದನ್ನು ತಿಳಿಸಿದೆ. “ಗಾಡಿಗೆ ಎಲ್ಲಾ ಮಾಡ್ಸುದ್ರು ಕಣವ್ವ. ಇವ್ರ ಮಕ ಯಾರೂ ನೋಡ್ನಿಲ್ಲ,” ಎಂದರು ಆಕೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಅವರಿಬ್ಬರೊಂದಿಗೆ ಮೈಸೂರಿನ ಆಸ್ಪತ್ರೆಗೆ ಹೋದೆ. ವೈದ್ಯರ ಮುಂದೆ ಮಾದೇವಣ್ಣ ತಲೆ ತಗ್ಗಿಸಿ ಕುಳಿತರು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ವೈದ್ಯರು ನನ್ನತ್ತ ತಿರುಗಿ, “ನೀವು ಇವರಿಗೇನಾಗಬೇಕು?” ಎಂದು ಕೇಳಿದರು.

“ಇವರ ಬಸ್ಸಿನಲ್ಲಿ ಓಡಾಡ್ತೀನಿ,” ಎಂದು ಹೇಳಿ, ನಾನೇ ಮಾತು ಶುರು ಮಾಡಿದೆ.