ಹಳದಿ ಬೊಟ್ಟಿನ ಇಲಿಗಳು

ಅರವತ್ತರ ದಶಕದಲ್ಲಿ ನಾನು ಜಯನಗರದಿಂದ ಬಸ್ಸು ಹಿಡಿದು ಪ್ರಯೋಗಾಲಯಕ್ಕೆ ಹೋಗುತ್ತಿದ್ದುದು ಇಲಿಗಳನ್ನು ಮಲಗಿಸುವುದಕ್ಕೆ. ಕೆಲಸ ಇಷ್ಟೇ: ಚಿಕ್ಕ ಜಾತಿಯ ಬಿಳಿ ಇಲಿಗಳಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಅಳತೆಯ ನಿದ್ದೆಯ ಔಷಧಿ ಕೊಟ್ಟು, ಯಾವುದು ಮೊದಲು ಏಳುತ್ತದೆಂದು ಗಡಿಯಾರ ನೋಡುತ್ತ ಕೂರುವುದು. ಔಷಧಿಯನ್ನು ಕರಗಿಸುವುದು ಪಿತ್ತಜನಕಾಂಗದ ಕಿಣ್ವ. ಅದು ಚುರುಕಾಗಿದ್ದರೆ ಇಲಿ ಬೇಗ ಏಳುತ್ತದೆ.

ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯಲು ಬಾಲ ಎತ್ತಿ ನೋಡಬೇಕು. ಸುತ್ತ ಬರೀ ಗಂಡಸರು. ನನಗೆ ನಾಚಿಕೆ. ಇಲಿಮನೆ ನೋಡಿಕೊಳ್ಳುತ್ತಿದ್ದ ಕತ್ರಿಗುಪ್ಪೆಯ ಹಿರಿಯರಿಗೆ, "ಬೇರೆ ಮಾಡಿ, ಒಂದು ಗುಂಪಿಗೆ ಹಳದಿ ಬೊಟ್ಟಿಡಿ" ಎಂದಷ್ಟೇ ಹೇಳಿದೆ. ನಾನು ಓದಿದ ಕಾಲೇಜಿನಲ್ಲಿ ಗಂಡಿಗೆ ಗುರುತು ಹಾಕುವುದು ವಾಡಿಕೆ. ಹಾಗೇ ಪುಸ್ತಕದಲ್ಲಿ ಹಳದಿ ಎಂದರೆ ಗಂಡು ಎಂದು ಬರೆದುಕೊಂಡೆ.

ಹಳದಿಯವೇ ಮೊದಲು ಎದ್ದವು. ದೊಡ್ಡ ಜಾತಿಯ ಇಲಿಗಳಲ್ಲೂ ಗಂಡೇ ಮೊದಲು ಏಳುತ್ತದೆಂದು ಓದಿದ್ದ ನಮ್ಮ ಪ್ರೊಫೆಸರರಿಗೆ ಖುಷಿಯೋ ಖುಷಿ. ಲೇಖನ ಟೈಪಾಯಿತು, ಮೊದಲ ಹೆಸರು ನನ್ನದು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಹಳದಿ ಬೊಟ್ಟಿನವುಗಳ ಪಂಜರದಲ್ಲಿ ಆರು ಮರಿ.

"ಏನಿದು, ಗಂಡು ಮರಿ ಹಾಕಿದೆಯಲ್ಲ?"

"ಗಂಡ್ಯಾಕಮ್ಮ? ಅರಿಶಿನ ಹೆಣ್ಮಕ್ಳಿಗೆ ತಾನೇ ಇಡೋದು?" ಎಂದರು ಹಿರಿಯರು.

ಮರಿಗಳನ್ನು ಬೇರೆ ಪಂಜರಕ್ಕೆ ಹಾಕಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಲೇಖನವೂ ಹೋಗಬಹುದು, ನಾನೂ ಮನೆಗೆ ಹೋಗಬೇಕಾಗಬಹುದು. ಅರ್ಧ ಗಂಟೆ ಒದ್ದಾಡಿ, ಹೋಗಿ ಹೇಳಿದೆ.

"ನೀವ್ಯಾಕಮ್ಮ ನೋಡ್ಲಿಲ್ಲ?" ಎಂದರು ಪ್ರೊಫೆಸರರು.

"ನಾಚಿಕೆ ಆಯ್ತು ಸಾರ್."

ಅವರು ಟೈಪಾದ ಹಾಳೆಗಳನ್ನು ಡ್ರಾಯರಿಗೆ ತಳ್ಳಿದರು. "ಹೊಸ ಇಲಿ ತರಿಸ್ತೀನಿ. ಈ ಸಲ ಎಲ್ಲರ ಮುಂದೆ ನೀವೇ ನೋಡಿ ಹೇಳ್ಬೇಕು."

ಮುಂದಿನ ವಾರ ನಾಲ್ವರು ಗಂಡಸರ ಎದುರು ಒಂದೊಂದೇ ಬಾಲ ಎತ್ತಿ ಗಂಡು, ಹೆಣ್ಣು ಎಂದು ಹೇಳುತ್ತ ಹೋದೆ. ಮೊದಲ ಇಲಿಯದನ್ನು ಗೋಡೆಯತ್ತ ತಿರುಗಿ ಹೇಳಿದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ, ಒದ್ದಾಡುವ ಇಲಿಯನ್ನು ಗದರಿಸುತ್ತಿದ್ದೆ.

ಈ ಸಲವೂ ಹೆಣ್ಣುಗಳೇ ಮೊದಲು ಎದ್ದವು. ಪಿತ್ತಜನಕಾಂಗದ ಪರೀಕ್ಷೆಯೂ ಅದನ್ನೇ ಹೇಳಿತು. ದೊಡ್ಡ ಇಲಿಯ ಕಥೆ ಚಿಕ್ಕದಕ್ಕೆ ನಡೆಯುವುದಿಲ್ಲ ಎಂದು ಪ್ರೊಫೆಸರರು ಹೊಸ ಲೇಖನ ಬರೆಸಿದರು.

ಅದರಲ್ಲಿ ಒಂದು ಸಾಲನ್ನು ನಾನೇ ಸೇರಿಸಿದೆ: ಪ್ರತಿ ಇಲಿಯ ಲಿಂಗವನ್ನು ಲೇಖಕಿ ಸ್ವತಃ ನೋಡಿ ಖಚಿತಪಡಿಸಿಕೊಂಡಿದ್ದಾರೆ. ಟೈಪಿಸ್ಟ್ ಅದನ್ನೋದಿ ಕೆಂಪಾಗಿ, "ಇದು ಇರ್ಲೇಬೇಕಾ ಮೇಡಂ?" ಎಂದರು.

"ಇರ್ಲಿ, ಟೈಪ್ ಹೊಡೀರಿ" ಎಂದೆ.