ಬಬಲೇಶ್ವರದ ಪಾಳಿ

ಮೊನ್ನೆ ಮೊಣಕಾಲು ತೋರಿಸಲು ಒಬ್ಬ ಹೊಸ ಡಾಕ್ಟರರ ಹತ್ತಿರ ಹೋಗಿದ್ದೆ. ಒಳ್ಳೆಯ ಮನುಷ್ಯ, ನಗುತ್ತ ಮಾತಾಡಿಸಿದರು, ಕಾಲನ್ನು ಆ ಕಡೆ ಈ ಕಡೆ ತಿರುವಿದರು, ಏನೇನೋ ಹೇಳಿದರು. ಹೊರಗೆ ಬಂದರೆ ಬಾಗಿಲ ಹತ್ತಿರ ಕೈಚೀಲ ಹಿಡಿದು ಕೂತಿದ್ದ ನನ್ನ ಹೆಂಡತಿ, "ಏನ ಹೇಳಿದ್ರು?" ಎಂದಳು. ಬಾಯಿ ತೆರೆದೆ. ಒಂದಕ್ಷರ ನೆನಪಿಗೆ ಬರಲಿಲ್ಲ. ಜೀವಮಾನವಿಡೀ ಡಾಕ್ಟರಕಿ ಮಾಡಿದವನ ಪಾಡು ಇದು. "ಗುಳಿಗಿ ಕೊಟ್ಟಾರ" ಎಂದೆ. "ಅದು ನನಗೂ ಕಾಣಾಕತ್ತೈತಿ" ಎಂದು ಆಕೆ ಕೈಯಲ್ಲಿದ್ದ ಪುಡಿಕೆ ಕಸಿದುಕೊಂಡಳು. ದಾರಿಯುದ್ದಕ್ಕೂ ನನಗೆ ನಮ್ಮ ದೊಡ್ಡ ಡಾಕ್ಟರರೇ ನೆನಪಾದರು. ಅವರಿದ್ದಿದ್ದರೆ ಪಾಪ ಆ ಹೊಸ ಡಾಕ್ಟರರನ್ನು ಅಲ್ಲೇ ನಪಾಸು ಮಾಡಿಬಿಡುತ್ತಿದ್ದರು.

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧದ, ನಮ್ಮ ಮಾತಿನಲ್ಲಿ ಲಡಾಯಿಯ, ಕಾಲದ ಮಾತು. ನಮ್ಮ ಊರಿಗೆ ಆಗ ಎಲ್ಲರೂ ವಿಜಾಪುರ ಎನ್ನುತ್ತಿದ್ದರು. ಜೋರಾಪುರ ಪೇಟೆಯಲ್ಲಿ ವ್ಯಾಪಾರಸ್ಥರು ಕೂಡಿ ನಡೆಸುತ್ತಿದ್ದ ಒಂದು ಧರ್ಮದ ದವಾಖಾನೆಯಿತ್ತು. ಅದರ ಮುಖ್ಯಸ್ಥರು ಈ ದೊಡ್ಡ ಡಾಕ್ಟರರು; ನಾನು ಅವರ ಕೈಕೆಳಗಿನ ಡಾಕ್ಟರ್. ಹೊಸದಾಗಿ ಪಾಸಾದ ಡಾಕ್ಟರರು ಕೈ ಕುದುರಿಸಿಕೊಳ್ಳಲು ಅಲ್ಲಿಗೆ ಬರುತ್ತಿದ್ದರು. ಅವರನ್ನು ಕೆಲವು ತಿಂಗಳು ಪಟ್ಟಣದಲ್ಲಿ ಇಟ್ಟುಕೊಂಡು, ಆಮೇಲೆ ಟಿಕೋಟಾಕ್ಕೆ ಒಂದು ಪಾಳಿ, ಬಬಲೇಶ್ವರಕ್ಕೆ ಒಂದು ಪಾಳಿ ಕಳಿಸುವ ಪದ್ಧತಿ. ಆ ಎರಡೂ ಊರುಗಳಲ್ಲಿ ಅಲ್ಲಿನವರೇ ಜಾಗ ಕೊಟ್ಟು ಸಣ್ಣ ದವಾಖಾನೆ ಮಾಡಿದ್ದರು. ಡಾಕ್ಟರರನ್ನು ಕೊಡುವುದು ನಮ್ಮ ಪಾಲು. ಪಾಳಿ ಹಚ್ಚುವ ಕೆಲಸ ನನ್ನದು. ಕೇಳುವವರಿಗೆ ಅದು ದೊಡ್ಡ ಅಧಿಕಾರದ ಹಾಗೆ ಕಾಣಬಹುದು. ನಿಜವಾಗಿ ನಾನು ಎರಡೂ ಕಡೆಯಿಂದ ಬೈಸಿಕೊಳ್ಳುವವನಾಗಿದ್ದೆ, ಅಷ್ಟೇ.

ಟಿಕೋಟಾ ಅಂದರೆ ಎಲ್ಲರೂ ಹ್ಞೂಂ ಎನ್ನುತ್ತಿದ್ದರು. ಹತ್ತಿರ, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದು ಹೋಗಬಹುದು. ಬಬಲೇಶ್ವರ ಅಂದ ಕೂಡಲೇ ಒಬ್ಬನ ತಾಯಿಗೆ ಜ್ವರ ಬರುತ್ತಿತ್ತು, ಇನ್ನೊಬ್ಬನಿಗೆ ಹೆಣ್ಣು ನೋಡಲು ಹೋಗುವುದಿರುತ್ತಿತ್ತು. ಅವರದೂ ತಪ್ಪಿಲ್ಲ. ಪೆಟ್ರೋಲ್ ಸಿಗದ ಕಾಲ. ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ನನ್ನ ಔದಾರ್ಯದ ಮಾತು. ಏರು ಬಂದಲ್ಲಿ ಪ್ಯಾಸೆಂಜರೆಲ್ಲ ಇಳಿದು ನೂಕಬೇಕಾಗಿತ್ತು. ಬಿಳಿ ಅಂಗಿ ಹಾಕಿಕೊಂಡು ಹೊರಟ ಡಾಕ್ಟರರು ಊರು ಮುಟ್ಟುವಾಗ ಕಮ್ಮಾರರ ಹಾಗೆ ಕಾಣುತ್ತಿದ್ದರು. ನಾನೂ ಒಮ್ಮೆ ಹಾಗೇ ಇಳಿದಾಗ ದವಾಖಾನೆಯ ಜವಾನ, "ಯಾರ್ ಬೇಕ್ರಿ ನಿಮಗ?" ಎಂದು ಕೇಳಿದ್ದ.

ದೊಡ್ಡ ಡಾಕ್ಟರರ ತಪಾಸಣೆಯ ರೀತಿ ನಿಮಗೆ ಹೇಳಲೇಬೇಕು. ಬೇರೆಯವರಾಗಿದ್ದರೆ ದವಾಖಾನೆಗೆ ಹೋಗಿ ಔಷಧದ ಕಪಾಟು ನೋಡುತ್ತಿದ್ದರು, ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಇವರು ಸಂತೆಯ ದಿನ ಧೋತರ ಉಟ್ಟು, ಕರಿ ಟೊಪ್ಪಿಗೆ ಇಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಹೋಗಿ ದವಾಖಾನೆಯ ಎದುರಿನ ಚಹಾದಂಗಡಿಯಲ್ಲಿ ಕೂಡುತ್ತಿದ್ದರು. ನೋಡಿದವರು ಮೆಣಸಿನಕಾಯಿ ದಲಾಲ ಅಂದುಕೊಳ್ಳಬೇಕು. ಔಷಧ ತೆಗೆದುಕೊಂಡು ಹೊರಗೆ ಬಂದವರನ್ನು, "ಏನಂದ್ರವಾ ಡಾಕ್ಟರು?" ಎಂದು ಸಹಜವಾಗಿ ಮಾತಿಗೆಳೆಯುತ್ತಿದ್ದರು. ರೋಗಿ ತನಗೇನಾಗಿದೆ, ಏನು ತಿನ್ನಬೇಕು, ಏನು ಬಿಡಬೇಕು, ಮತ್ತೆ ಯಾವಾಗ ಬರಬೇಕು ಎಂದು ತನ್ನ ಮಾತಿನಲ್ಲಿ ಹೇಳಿದರೆ ಡಾಕ್ಟರ್ ಪಾಸು. "ಬಾಟಲಿ ಕೊಟ್ರು" ಎಂದಷ್ಟೇ ಅಂದರೆ ನಪಾಸು. ಟಿಕೋಟಾದ ಒಬ್ಬ ಮುದುಕ ತನ್ನ ಮಲಬದ್ಧತೆಯ ವಿವರವನ್ನು ಚಹಾ ಆರಿ ತಣ್ಣಗಾಗುವವರೆಗೆ ಹೇಳಿದ್ದು ನೆನಪಿದೆ. ದೊಡ್ಡ ಡಾಕ್ಟರರು ಆ ದಿನ ಬಹಳ ಖುಷಿಯಲ್ಲಿದ್ದರು.

ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ. "ಹೊರಗ ಬಿದ್ರ ಮುಗೀತು, ನಾಳಿಂದ ಎಲ್ಲಾರೂ ರೋಗಿಗೆ ಬಾಯಿಪಾಠ ಮಾಡಿಸಿ ಕಳಸ್ತಾರ" ಎನ್ನುತ್ತಿದ್ದರು. ಅವರ ಮಾತು ನನಗೂ ಸರಿ ಕಂಡಿತ್ತು. ಈಗಲೂ ಪೂರಾ ತಪ್ಪು ಎನ್ನಲು ಮನಸ್ಸು ಬರುವುದಿಲ್ಲ.

ಆ ದಿನಗಳಲ್ಲಿ ಬಂದವನು ಈರಣ್ಣ. ಬಬಲೇಶ್ವರದ ಹತ್ತಿರದ ನಿಡೋಣಿಯ ಒಕ್ಕಲು ಮನೆತನದವನು. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ, ಇವನನ್ನು ಓದಿಸಿದ್ದರು. ಮೆತ್ತಗಿನ ದನಿ, ಕೈಗುಣ ಬಂಗಾರದಂಥದ್ದು. ಬಬಲೇಶ್ವರದ ಪಾಳಿಯನ್ನು ತಾನಾಗಿ ಬೇಡಿ ತೆಗೆದುಕೊಂಡ ಮೊದಲನೆಯವನು ಅವನೇ. ನನಗೆ ಆಶ್ಚರ್ಯಕ್ಕಿಂತ ಸಂಶಯವೇ ಹೆಚ್ಚಾಯಿತು.

"ಯಾಕಪಾ, ಬಸ್ ನೂಕೂ ಹೌಸೇನು?" ಎಂದೆ.

"ಹಂಗಲ್ರಿ. ಮುಂದಿನ ವರ್ಷದಿಂದ ಅಲ್ಲಿ ಕಾಯಂ ಡಾಕ್ಟರ್ ಇಡ್ತಾರಂತ ಕೇಳೇನಿ. ಪಾಳಿ ಛಲೋ ಮಾಡಿದ್ರ ಆ ಜಾಗಾ ನನಗ ಕೊಡಸ್ತೀರೇನು? ನಮ್ಮ ಕಡಿ ಹೆಣ್ಮಕ್ಕಳು ಬ್ಯಾನಿ ಬಂದ್ರ ಹೇಳೂದ ಇಲ್ರಿ. ಹಂಗ ಮುಚ್ಚಿಟಗೊಂಡ ಸಾಯತಾರ."

ಕೊಡಿಸುವುದು ನನ್ನ ಕೈಯಲ್ಲಿರಲಿಲ್ಲ. ದೊಡ್ಡ ಡಾಕ್ಟರರಿಗೆ ಹೇಳಿದೆ. "ನೋಡೂಣು, ಸಂತಿ ಏನ ಹೇಳತೈತಿ" ಎಂದರು.

ಸಂತೆ ಏನೂ ಹೇಳಲಿಲ್ಲ. ನಾನೂ ಅವರಂತೆಯೇ ಧೋತರ ಉಟ್ಟು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ದವಾಖಾನೆಯ ಮುಂದೆ ಹಿಂದೆಂದೂ ಕಾಣದಷ್ಟು ಹೆಣ್ಣುಮಕ್ಕಳು. ಒಬ್ಬೊಬ್ಬರೇ ಒಳಗೆ ಹೋಗಿ ಬಹಳ ಹೊತ್ತಿದ್ದು ಬರುತ್ತಿದ್ದರು. "ಏನಂದ್ರವಾ ಡಾಕ್ಟರು?" ಎಂದರೆ, "ಏನೂ ಹೇಳಿಲ್ರಿ" ಎಂದು ಸೆರಗು ಎಳೆದುಕೊಂಡು ಹೋಗಿಬಿಡುವರು. ಕಾಶವ್ವ ಎಂಬ ಗಟ್ಟಿಮುಟ್ಟಾದ ಹೆಂಗಸೊಬ್ಬಳು ತಿರುಗಿ ನಿಂತು, "ನಿಮಗ್ಯಾಕ ಬೇಕ್ರಿ ಅದು? ಮೆಣಸಿನಕಾಯಿ ವ್ಯಾಪಾರ ನೋಡ್ಕೋರಿ" ಎಂದು ಜಾಡಿಸಿದಳು. ಗಂಡಸರೂ ಹಾಗೆಯೇ ತುಟಿ ಬಿಚ್ಚಲಿಲ್ಲ. ಮುಂದಿನ ಸಂತೆಗೂ ಅದೇ, ಅದರ ಮುಂದಿನದಕ್ಕೂ ಅದೇ.

"ಕೈ ಐತಿ, ಬಾಯಿಲ್ಲ" ಎಂದು ದೊಡ್ಡ ಡಾಕ್ಟರರು ತೀರ್ಮಾನ ಮಾಡಿದರು. "ಕಾಯಂ ಜಾಗಾ ಕೊಡಾಕ ಆಗೂದಿಲ್ಲ. ಇನ್ನೊಂದ ವರ್ಷ ಇಲ್ಲೇ ಪ್ಯಾಟ್ಯಾಗ ಕಲೀಲಿ."

ಈರಣ್ಣನನ್ನು ಕರೆಸಿ ಹಾಗೆಯೇ ಹೇಳಿದರು. ಅವನು ನಿಂತಲ್ಲೇ ನಿಂತ. "ರೋಗಿಗಳು ಏನರ ದೂರು ಹೇಳ್ಯಾರೇನ್ರಿ ಸಾಹೇಬ್ರ?" ಎಂದ. "ದೂರಿಲ್ಲ. ನೀ ಮಂದಿಗೆ ತಿಳಿಸಿ ಹೇಳೂದಿಲ್ಲ" ಎಂದರು. ಅವನ ಮುಖ ಕೆಂಪಾಯಿತು. ಏನೋ ಹೇಳಲು ಹೋಗಿ ನುಂಗಿಕೊಂಡ. ಆಗ ಲಡಾಯಿಗೆ ಡಾಕ್ಟರರು ಬೇಕಾಗಿದ್ದರು, ಹೋದವರನ್ನೆಲ್ಲ ತೆಗೆದುಕೊಳ್ಳುತ್ತಿದ್ದರು. ಕೆಲವೇ ದಿನಗಳಲ್ಲಿ ಈರಣ್ಣ ಮಿಲಿಟರಿ ಸೇರಿ ಹೊರಟುಹೋದ. ಸ್ಟೇಷನ್ನಿಗೆ ಕಳಿಸಲು ಹೋದಾಗ ನನಗೆ ಅಂದದ್ದು ಇಷ್ಟೇ: "ಬಬಲೇಶ್ವರಕ್ಕ ಯಾರನ್ನಾರ ಲಗೂನ ಕಳಸ್ರಿ. ಖಾಲಿ ಬಿಡಬ್ಯಾಡ್ರಿ."

ಯಾರೂ ಒಪ್ಪಲಿಲ್ಲ. ಪಾಳಿ ಹಚ್ಚುವವನೇ ಕಡೆಗೆ ತನಗೆ ಪಾಳಿ ಹಚ್ಚಿಕೊಂಡ. ನೀವು ನಗಬಹುದು. ನಮ್ಮ ಡಾಕ್ಟರರೆಲ್ಲ ಅವತ್ತು ಹೊಟ್ಟೆ ತುಂಬ ನಕ್ಕರು.

ಬಬಲೇಶ್ವರದಲ್ಲಿ ಹೆಣ್ಣುಮಕ್ಕಳು ಬಂದು ಕೂಡುತ್ತಿದ್ದರು, ಎದ್ದು ಹೋಗುತ್ತಿದ್ದರು. "ಈರಣ್ಣ ಕೊಟ್ಟಿದ್ದನಲ್ರಿ, ಅದ ಔಷಧ ಕೊಡ್ರಿ" ಎನ್ನುವರು. ಯಾವುದಕ್ಕೆ ಕೊಟ್ಟಿದ್ದ ಎಂದರೆ ನೆಲ ನೋಡುವರು. ಕಾಶವ್ವ ಮೂರು ನಾಲ್ಕು ಸಲ ಹೀಗೆ ಬಂದು ಹೋದಳು. ಪ್ರತಿ ಸಲವೂ ಮೈ ಇಳಿದದ್ದು ಕಾಣುತ್ತಿತ್ತು. ಒಂದು ದಿನ ನನಗೆ ಸಿಟ್ಟು ಬಂತು. "ಬಾಯಿ ಬಿಡದಿದ್ರ ನಾ ಏನ ಭವಿಷ್ಯ ಹೇಳಲೇನವಾ?" ಎಂದೆ.

ಆಕೆ ಅಳತೊಡಗಿದಳು. "ನನಗೇನ ಹೇಳಬಾರದಂತ ಹಟಾ ಐತೇನ್ರಿ? ಆಣಿ ಐತಿ. ಈರಣ್ಣನ ಅವ್ವ ನೀಲವ್ವನ ಆಣಿ. ನಾ ಬಾಯಿ ಬಿಟ್ರ ನೀಲವ್ವ ಉಳೀತಾಳೇನ್ರಿ?"

ಆಮೇಲೆ ಒಂದೊಂದಾಗಿ ತಿಳಿಯಿತು. ನನ್ನಂಥ ಹೊರಗಿನವನಾಗಿದ್ದರೆ ಮಾತು ಬೇರೆ. ಈರಣ್ಣ ನಿಡೋಣಿಯವನು; ಇವರಲ್ಲಿ ಒಬ್ಬಳಿಗೆ ತವರಿನ ಕಡೆಯವನು, ಇನ್ನೊಬ್ಬಳಿಗೆ ಗಂಡನ ಕಡೆಯವನು. ನಾಳೆ ಲಗ್ನದ ಪಂಕ್ತಿಯಲ್ಲಿ ಎದುರಿಗೆ ಕೂಡುವವನ ಮುಂದೆ ಮೈಯ ಗುಟ್ಟು ಹೇಗೆ ಹೇಳುವುದು? ಅದಕ್ಕೆ ಮೊದಲು ಅವನ ಕೈಯಲ್ಲಿ, ಯಾರ ಮುಂದೂ ಆಡುವುದಿಲ್ಲವೆಂದು ಅವನವ್ವನ ಆಣೆ ಮಾಡಿಸಿಕೊಂಡರು. ಅವನಿಗೂ ಒಂದು ತಲೆಬೇನೆ ಇತ್ತು. ಇವರು ಹೊರಗೆ ಕೂತು ಬೇನೆ ಹೋಲಿಸಿ ನೋಡಿಕೊಂಡು, ಒಬ್ಬಳ ಔಷಧ ಇನ್ನೊಬ್ಬಳು ಕುಡಿಯುತ್ತಿದ್ದರು. "ಹಂಗಾದ್ರ ನಿಮಗೂ ಅದ ಆಣಿ, ಒಳಗಿನ ಮಾತು ಹೊರಗ ಆಡಬಾರದು" ಎಂದು ಅವನೂ ಕಟ್ಟಿಹಾಕಿದ್ದ, ಗಂಡಸರನ್ನೂ ಬಿಟ್ಟಿರಲಿಲ್ಲ. ಆಣೆ ಹಾಕಿದವನು ಬಿಡಿಸಬೇಕಾಗಿತ್ತು. ಅವನು ಎಲ್ಲಿಯೋ ಗುಂಡು ಬಡಿಸಿಕೊಂಡವರ ಗಾಯ ಕಟ್ಟುತ್ತ ಕೂತಿದ್ದ.

ವಿಜಾಪುರಕ್ಕೆ ಬಂದು ದೊಡ್ಡ ಡಾಕ್ಟರರಿಗೆ ಇದನ್ನೆಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. "ಅಂವಾ ಹೇಳ್ಯಾನ. ಹೇಳಿದ್ದನ್ನ ಅವರು ಗುಟ್ಟಾಗಿ ಕಾಯ್ದಾರ" ಎಂದರು. ಮರುದಿನವೇ ನನ್ನನ್ನು ಕರೆದುಕೊಂಡು ನಿಡೋಣಿಗೆ ಹೊರಟರು. ಈ ಸಲ ಕೋಟು ಹಾಕಿಕೊಂಡಿದ್ದರು.

ನೀಲವ್ವ ನೀರು, ಬೆಲ್ಲ ತಂದಿಟ್ಟಳು. ದೊಡ್ಡ ಡಾಕ್ಟರರು ಬೆಲ್ಲ ಮುಟ್ಟಲಿಲ್ಲ.

"ನನ್ನ ಮಗಾ ಏನ ತಪ್ಪ ಮಾಡಿದ್ದನ್ರಿ?" ಎಂದಳು ಆಕೆ.

"ತಪ್ಪ ಮಾಡಿಲ್ಲವಾ."

"ಮತ್ಯಾಕ ಆ ಜಾಗಾ ಕೊಡಲಿಲ್ರಿ?"

ದೊಡ್ಡ ಡಾಕ್ಟರರು ನನ್ನ ಕಡೆ ನೋಡಿದರು. ನಾನೇ ಆಣೆಯ ವಿಷಯ ತೆಗೆದೆ. ನೀಲವ್ವ ಪೂರಾ ಕೇಳಿ, "ನನ್ನ ಜೀವದ ಮ್ಯಾಲ ಊರ ಮಂದೀನೆಲ್ಲಾ ಕಟ್ಟಿ ಹೋಗ್ಯಾನ, ನನಗ ಒಂದ ಮಾತ ಹೇಳಿಲ್ಲ ನೋಡ್ರಿ" ಎಂದು ಅಷ್ಟು ದುಃಖದಲ್ಲೂ ನಕ್ಕಳು. ದೊಡ್ಡ ಮಗನಿಗೆ ಗಾಡಿ ಕಟ್ಟಲು ಹೇಳಿದಳು.

ಸಂತೆಯ ದಿನ ಆಕೆ ದವಾಖಾನೆಯ ಒಳಗೆ ನನ್ನ ಪಕ್ಕದಲ್ಲಿ ಕೂತಳು, ದೊಡ್ಡ ಡಾಕ್ಟರರು ಎದುರಿಗೆ ಕುರ್ಚಿ ಹಾಕಿಕೊಂಡರು. ಒಬ್ಬೊಬ್ಬಳೇ ಒಳಗೆ ಬಂದಂತೆ ಆಕೆಯ ಕೈ ಹಿಡಿದು, "ನನ್ನ ಮ್ಯಾಲಿನ ಆಣಿ, ನಾನ ಬಿಡಸೇನಿ. ನನಗೇನೂ ಆಗೂದಿಲ್ಲ, ಹೇಳವಾ" ಎನ್ನುವಳು. ಆಮೇಲೆ ಬಾಯಿ ಬಿಚ್ಚಿದರು ನೋಡಿರಿ. ಕಾಶವ್ವ ಎದೆಯ ಗಂಟು ಯಾವಾಗ ಕಂಡಿತು, ಈರಣ್ಣ ಅದಕ್ಕೆ ಏನಂದ, ಯಾಕೆ ಕೊಯ್ಯಬೇಕು, ಕೊಯ್ಯದಿದ್ದರೆ ಏನಾದೀತು, ಸುಗ್ಗಿ ಮುಗಿದ ಕೂಡಲೇ ಪಟ್ಟಣಕ್ಕೆ ಯಾರ ಹತ್ತಿರ ಹೋಗಬೇಕು, ಎಲ್ಲವನ್ನೂ ಒಪ್ಪಿಸಿದಳು. ಅವನು ಹೇಳಿದ್ದ ಹೆಸರು ದೊಡ್ಡ ಡಾಕ್ಟರರದೇ. "ದೇವರಂಥ ಮನಷ್ಯಾ, ಅಂಜಬ್ಯಾಡ ಅಂದಿದ್ದ" ಎಂದಳು. ಎದುರಿಗೆ ಕೋಟು ಹಾಕಿ ಕೂತವರು ಅವರೇ ಎಂಬುದು ಆಕೆಗೆ ಗೊತ್ತಿರಲಿಲ್ಲ. ಅವಳ ಹಿಂದೆ ಬಂದವರೂ ಹಾಗೆಯೇ, ಒಂದು ಮಾತು ಬಿಡದೆ ಹೇಳಿದರು. ಅಷ್ಟು ಪೂರಾ ಉತ್ತರವನ್ನು ದೊಡ್ಡ ಡಾಕ್ಟರರು ಯಾವ ಊರಿನಲ್ಲೂ ಕೇಳಿರಲಿಲ್ಲ. ನಡುವೆ ಎದ್ದು ಹಿತ್ತಲ ಕಡೆ ಹೋದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಾಶವ್ವನಿಗೆ ಅವರೇ ಆಪರೇಶನ್ ಮಾಡಿದರು. ಆಕೆ ಉಳಿದಳು, ಮೊಮ್ಮಕ್ಕಳನ್ನೂ ಕಂಡಳು. ಚಹಾದಂಗಡಿಯ ತಪಾಸಣೆ ಅಲ್ಲಿಗೆ ನಿಂತಿತು. ಬಬಲೇಶ್ವರದ ಜಾಗವನ್ನು ಕಾಯಂ ಮಾಡಲು ಊರವರು ಬಂದಾಗ, "ಅದು ಈರಣ್ಣಂದು, ಅಂವಾ ಬರಲಿ" ಎಂದು ದೊಡ್ಡ ಡಾಕ್ಟರರು ಅವರನ್ನು ಕಳಿಸಿಬಿಟ್ಟರು.

ಲಡಾಯಿ ಮುಗಿದ ಮೇಲೆ ಈರಣ್ಣ ಬಂದ, ಆದರೆ ತಾಯಿಯನ್ನು ಕರೆದುಕೊಂಡು ಹೋಗಲು. ಉತ್ತರದ ಕಡೆ ಎಲ್ಲಿಯೋ ದೊಡ್ಡ ಆಸ್ಪತ್ರೆಯಲ್ಲಿ ಕೆಲಸವಾಗಿತ್ತು. ಮೈ ತುಂಬಿಕೊಂಡು, ಮಾತು ಇನ್ನೂ ಕಡಿಮೆಯಾಗಿತ್ತು. ದೊಡ್ಡ ಡಾಕ್ಟರರು ತಾವೇ ಎದ್ದು ಬಂದು ಅವನ ಕೈ ಹಿಡಿದು, ಚಹಾದಂಗಡಿಯ ವಿಷಯ ಏನೂ ಮುಚ್ಚದೆ ಹೇಳಿದರು. "ಜಾಗಾ ಹಂಗ ಐತಿ ಈರಣ್ಣ. ಬಾ" ಎಂದರು.

ಅವನು ಮೊದಲು ಕಾಶವ್ವನನ್ನು ಕೇಳಿದ. ಉಳಿದಿದ್ದಾಳೆ ಎಂದಾಗ ಮುಖ ಅರಳಿತು. ಆಮೇಲೆ ಮೆತ್ತಗೆ ಅಂದ:

"ಅಷ್ಟ ಸಂತಿ ಬಂದ ಕೂತ್ರಿ ಸಾಹೇಬ್ರ, ಅಷ್ಟ ಮಂದೀನ್ನ ಕೇಳಿದ್ರಿ. ರಸ್ತೆ ದಾಟಿ ಒಳಗ ಬಂದು ನನಗ ಒಂದ ಮಾತ ಕೇಳಬಾರದಿತ್ತೇನ್ರಿ?"

ಅವರು ಹಿಡಿದ ಕೈ ಬಿಟ್ಟರು. ಈರಣ್ಣ ಬಗ್ಗಿ ಅವರ ಪಾದ ಮುಟ್ಟಿದ, ಹೊರಟ. ಬಬಲೇಶ್ವರದಲ್ಲಿ ಬಸ್ಸು ಇಳಿಯಲೂ ಇಲ್ಲವಂತೆ.

ನಾನು ಬಬಲೇಶ್ವರದಲ್ಲೇ ಉಳಿದೆ, ನೌಕರಿ ಮುಗಿಯುವ ತನಕ. ಊರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು. ದೂರುವಂಥದ್ದು ಏನೂ ಇಲ್ಲ. ಈಗಲೂ ಯಾವಾಗಲಾದರೊಮ್ಮೆ ಹೋದರೆ ಸಂತೆಯಲ್ಲಿ ಮುದುಕಿಯರು ಗುರುತು ಹಿಡಿದು, ಕುಶಲ ಕೇಳಿ, ಮಗ್ಗುಲಲ್ಲಿದ್ದ ಸೊಸೆಯಂದಿರಿಗೆ ನನ್ನನ್ನು ತೋರಿಸುತ್ತಾರೆ. ಹೋದ ತಿಂಗಳೂ ಒಬ್ಬಾಕೆ ಹಾಗೆ ತೋರಿಸಿದಳು.

"ಇವರ ನೋಡವಾ," ಎಂದಳು, "ಈರಣ್ಣ ಬರೂತನಕ ಅಂತ ಇದ್ದ ಡಾಕ್ಟರು."